ನಾಲ್ಕು ಸೊನ್ನೆಯ ಹಾಜರಿ

ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ದಿನಾ ಬೆಳಿಗ್ಗೆ ಒಬ್ಬ ಹಮಾಲ ಸಾಲು ಬಿಟ್ಟು ನಿಲ್ಲುತ್ತಾನೆ. ಉಳಿದವರು ಒಬ್ಬರ ಹಿಂದೊಬ್ಬರು ಗೋಡೆಯ ಮೇಲಿನ ಹಾಜರಿ ಮಷೀನಿಗೆ ಬೆರಳು ಒತ್ತಿ ಒಳಗೆ ಹೋಗುತ್ತಾರೆ. ಇವನು ಹೆಗಲಿಗೆ ಟವೆಲ್ಲು ಹಾಕಿಕೊಂಡು ಬೇವಿನ ಗಿಡದ ಕೆಳಗೆ ಕಾಯುತ್ತಾನೆ. ಗುಮಾಸ್ತ ಹೊರಗೆ ಬರಬೇಕು, ಇವನ ಮುಖ ನೋಡಬೇಕು, ಹೆಸರು ಹಿಡಿದು ಕೂಗಬೇಕು. ಇವನು "ಬಂದೀನ್ರಿ" ಅನ್ನಬೇಕು. ಅಷ್ಟಾದ ಮೇಲೆಯೇ ಒಳಗೆ ಕಾಲಿಡುತ್ತಾನೆ.

"ಬಂದ್ರು ನೋಡ್ರಪಾ ಜಾಗೀರದಾರ್ರು," ಅನ್ನುತ್ತಾನೆ ಗುಮಾಸ್ತ. "ಹೆಸರು ಹಿಡದು ಕರೀಲಿಲ್ಲಂದ್ರ ಸವಾರಿ ಮುಂದ ಹೋಗಂಗಿಲ್ಲ. ಬೆರಳು ಒತ್ತಿದ್ರ ಏನ್ ಸವದು ಹೋಗ್ತದೇನೋ ಯಂಕೋಬ?"

"ಸವದೇ ಹೋಗ್ಯದ್ರಿ."

ಹಮಾಲರು ನಗುತ್ತಾರೆ. ಯಂಕೋಬ ನಗುವುದಿಲ್ಲ, ಸಿಟ್ಟೂ ಆಗುವುದಿಲ್ಲ. ಅವನ ಮುಖದಲ್ಲಿ ಏನೂ ಕಾಣುವುದಿಲ್ಲ. ಹೊಸಬರು ಇವನು ಗರ್ವಿಷ್ಠ ಎಂದುಕೊಳ್ಳುತ್ತಾರೆ. ಕೆಲವರು ಕಿವಿ ಮಂದ ಎಂದುಕೊಳ್ಳುತ್ತಾರೆ. ಎರಡೂ ಅಲ್ಲ.

ಯಂಕೋಬ ಚೀಕಲಪರ್ವಿಯವನು. ಊರಿನ ಪಕ್ಕದಲ್ಲೇ ತುಂಗಭದ್ರೆ ಹರಿದರೂ ಅವನ ಮನೆತನಕ್ಕೆ ಆ ನೀರು ಹಾಯುವ ಹೊಲ ಇರಲಿಲ್ಲ. ಅಪ್ಪ ಬೇರೆಯವರ ಭತ್ತದ ಚೀಲ ಹೊತ್ತ. ಮೀಸೆ ಮೂಡುವ ಮೊದಲೇ ಮಗನೂ ಹೊತ್ತ. ಆಮೇಲೆ ರಾಯಚೂರಿಗೆ ಬಂದು, ದೇವದುರ್ಗ ರಸ್ತೆಯ ಕಡೆಗಿದ್ದ ಒಂದು ಹತ್ತಿ ಮಿಲ್ಲು ಸೇರಿದ. ದಸರೆ ಮುಗಿಯುವ ಹೊತ್ತಿಗೆ ಹತ್ತಿಯ ಲಾರಿಗಳು ಮಿಲ್ಲಿನ ಮುಂದೆ ಸಾಲುಗಟ್ಟುತ್ತಿದ್ದವು. ಅಲ್ಲಿಂದ ಬೇಸಿಗೆಯ ಬಿಸಿಲು ಏರುವವರೆಗೆ ಹಮಾಲರಿಗೆ ಮಿಲ್ಲೇ ಮನೆ. ಕಂಪೌಂಡಿನ ಹಿಂದೆ ತಗಡಿನ ಕೋಣೆಗಳ ಒಂದು ಸಾಲು ಇತ್ತು, ಅಲ್ಲೇ ಅಡಿಗೆ, ಅಲ್ಲೇ ನಿದ್ದೆ.

ಹತ್ತಿ ಮೆತ್ತಗೆ ಎನ್ನುವವರು ಬೇಲು ಎತ್ತಿದವರಲ್ಲ. ಒತ್ತಿ ಬಿಗಿದ ಹತ್ತಿಯ ಮೂಟೆ ಅದು, ಕಲ್ಲಿನಂತಿರುತ್ತದೆ. ಅದರ ಸುತ್ತ ಕಬ್ಬಿಣದ ಪಟ್ಟಿ. ಕೈಯಲ್ಲಿ ಕೊಕ್ಕೆ ಹಿಡಿದು, ಪಟ್ಟಿಗೆ ಬೆರಳು ಸಿಕ್ಕಿಸಿ ಎಳೆದೂ ಎಳೆದೂ ಯಂಕೋಬನ ಬೆರಳ ತುದಿಗಳು ನುಣ್ಣಗಾದವು. ಗೆರೆಗಳು ಹೋದವು. ಅದು ಅವನ ಗಮನಕ್ಕೂ ಬಂದಿರಲಿಲ್ಲ. ಬೆರಳಿನ ಗೆರೆ ಯಾರಿಗೆ ಬೇಕು?

ಕನಕಪ್ಪ ಸಿಕ್ಕಿದ್ದು ಆ ಮಿಲ್ಲಿನಲ್ಲೇ. ದೇವದುರ್ಗದವನು, ಕುರಿ ಕಾಯುವ ಮನೆತನ. ಸಣ್ಣವನಿದ್ದಾಗ ಮರಿ ಹೊತ್ತು ನಡೆದು ಅಭ್ಯಾಸವಾಗಿ ಚೀಲವನ್ನೂ ಮರಿಯಂತೆ ಹೆಗಲ ಮೇಲೆ ಅಡ್ಡ ಹಾಕಿಕೊಳ್ಳುತ್ತಿದ್ದ. ಬಾಯಿ ಸುಮ್ಮನಿರುತ್ತಿರಲಿಲ್ಲ. ಯಂಕೋಬನಿಗೆ ಮಾತು ಕಡಿಮೆ. ಹಾಗಾಗಿ ಇಬ್ಬರಿಗೂ ಹೊಂದಿತು.

ಊರ ಕಡೆ ಮುಯ್ಯಾಳು ಎಂಬ ಪದ್ಧತಿ ಇದೆ. ಇಂದು ನಿನ್ನ ಹೊಲಕ್ಕೆ ನಾನು ಬರುತ್ತೇನೆ, ನಾಳೆ ನನ್ನ ಹೊಲಕ್ಕೆ ನೀನು ಬಾ. ಅದರಲ್ಲಿ ಕೂಲಿಯ ಮಾತೇ ಇಲ್ಲ. ಈ ಹಮಾಲರಿಗೆ ಹೊಲ ಇರಲಿಲ್ಲ, ಪದ್ಧತಿ ಮಾತ್ರ ಇತ್ತು. ಅದನ್ನು ಮಿಲ್ಲಿಗೆ ತಂದರು. ಒಬ್ಬನ ಮನೆಯಲ್ಲಿ ಸಾವಾದರೆ ಇನ್ನೊಬ್ಬ ಅವನ ಪಾಳಿಗೆ ನಿಲ್ಲುತ್ತಿದ್ದ. ಕೆಲಸ ಆದರಾಯಿತು, ಹಮಾಲರ ಮೇಲ್ವಿಚಾರಕ ಮುಕಾದಮನೂ ಏನೂ ಅನ್ನುತ್ತಿರಲಿಲ್ಲ.

ಆಮೇಲೆ ಮಷೀನು ಬಂತು.

ಆಯುಧ ಪೂಜೆಯ ದಿನ ಅದನ್ನು ಆಫೀಸಿನ ಹೊರಗೋಡೆಗೆ ತೂಗುಹಾಕಿದರು. ರಾಯಚೂರಿನ ಸ್ಟೇಷನ್ ರಸ್ತೆಯ ಅಂಗಡಿಯಿಂದ ಅನಿಲಕುಮಾರ ಎಂಬ ಹುಡುಗ ಬಂದು ಜೋಡಿಸಿಕೊಟ್ಟ. ಬೆರಳು ಒತ್ತಿದರೆ ಹಾಜರಿ, ಆ ಹಾಜರಿ ನೇರ ಮ್ಯಾನೇಜರನ ಫೋನಿಗೆ. ಎಲ್ಲ ಹೇಳಿ ಕಡೆಗೆ ಅನಿಲಕುಮಾರ ಅಂದ:

"ಸರ, ಒಳಗ ಹೋಗಿ ಹೆಸರು ಸೇರಸೂದು, ತಗಿಯೂದು, ಕೈಲೆ ಹಾಜರಿ ಹಾಕೂದು ಮಾಡಬೇಕಂದ್ರ ಒಂದ್ ಪಾಸ್‌ವರ್ಡ್ ಅದ. ಕಂಪನಿಯಿಂದ ಬರಾಗ ನಾಕು ಸೊನ್ನಿ ಇಟ್ಟು ಕಳಿಸ್ತಾರ. ಇದನ್ನ ಇವತ್ತ ಬದಲಿ ಮಾಡ್ಕೋರಿ."

"ಮಾಡೋಣಂತ," ಅಂದ ಮ್ಯಾನೇಜರ. "ಮೊದ್ಲ ಪೂಜಿ ಆಗ್ಲಿ."

ಪೂಜೆ ಆಯಿತು. ಮಷೀನಿಗೆ ಕುಂಕುಮ ಹಚ್ಚಿ ಚೆಂಡು ಹೂವಿನ ಹಾರ ಹಾಕಿದರು. ಕುಂಬಳಕಾಯಿ ಒಡೆದರು. ಪಾಸ್‌ವರ್ಡ್ ಹಾಗೇ ಉಳಿಯಿತು.

ಮರುದಿನ ಬೆಳಿಗ್ಗೆ ಹಮಾಲರು ಸಾಲಾಗಿ ನಿಂತು ಬೆರಳು ಒತ್ತಿದರು. ಮಷೀನಿನೊಳಗಿಂದ ಒಬ್ಬ ಹೆಂಗಸಿನ ಧ್ವನಿ "ಪ್ಲೀಸ್ ಟ್ರೈ ಅಗೇನ್" ಅಂದಿತು. ಯಂಕೋಬ ಬೆರಳು ಒರೆಸಿಕೊಂಡು ಮತ್ತೆ ಒತ್ತಿದ. ಮತ್ತೆ ಅದೇ ಮಾತು.

"ಬಿಡಾಕ ಒಲ್ಲಳಲ್ಲಲೇ ನಿನ್ನ," ಅಂದ ಕನಕಪ್ಪ ಹಿಂದಿನಿಂದ. "ಮನಸು ಆಗ್ಯದ ಆಕಿಗಿ. ಮನಿಗಿ ಕರಕೊಂಡ್ ಹೋಗು."

ಆದರೆ ಕನಕಪ್ಪನ ಬೆರಳೂ ಹತ್ತಲಿಲ್ಲ. ಅರ್ಧ ಸಾಲಿನ ಬೆರಳು ಹತ್ತಲಿಲ್ಲ. ಎಲ್ಲರ ಗೆರೆಗಳೂ ಬೇಲಿನ ಪಟ್ಟಿಗಳ ಮೇಲೆ ಹೋಗಿದ್ದವು. ಮ್ಯಾನೇಜರ ಹೊರಗೆ ಬಂದು ನಾಲ್ಕು ಸೊನ್ನೆ ಒತ್ತಿ ಒಬ್ಬೊಬ್ಬರ ಹಾಜರಿ ತಾನೇ ಹಾಕಿದ. ಮರುದಿನವೂ ಹಾಕಿದ. ಆಮೇಲೆ ಬೇಸತ್ತು ಮುಕಾದಮನಿಗೆ ಹೇಳಿಕೊಟ್ಟ. ಮುಕಾದಮ ಬೇಸತ್ತು ಹಮಾಲರಿಗೆ ಹೇಳಿಕೊಟ್ಟ. ಓದು ಬಾರದವನಿಗೂ ಬರುವ ಅಂಕಿ ಅದು. ದುಂಡಗಿನ ಗುಂಡಿ, ನಾಲ್ಕು ಸಲ.

ಇದು ತಪ್ಪು ಎಂದು ಯಾರಿಗೂ ಅನಿಸಲಿಲ್ಲ. ಅವರ ಓಣಿಗಳಲ್ಲಿ ಬೀಗದ ಕೈಯನ್ನು ಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟು ಹೋಗುತ್ತಾರೆ. ಅದು ಅಲ್ಲಿರುತ್ತದೆ ಎಂದು ಓಣಿಗೆಲ್ಲ ಗೊತ್ತಿರುತ್ತದೆ. ಗೊತ್ತಿರುವುದರಿಂದಲೇ ಯಾರೂ ಮುಟ್ಟುವುದಿಲ್ಲ. ಮಷೀನಿನ ನಂಬರೂ ಅಂಥದೇ ಒಂದು ಗೂಡಿನ ಕೀಲಿ ಎಂದು ಅವರು ತಿಳಿದರು.

ಹಾಗೆ ಮುಯ್ಯಾಳು ಮಷೀನಿನೊಳಗೂ ಹೋಯಿತು. ಯಾರ ಪಾಳಿಗೆ ನಿಲ್ಲುತ್ತಾರೋ ಅವರ ಹೆಸರಿಗೆ ಹಾಜರಿ ಒತ್ತುವುದು. ಕೆಲವು ದಿನ ಕಳೆದ ಮೇಲೆ ಇನ್ನೊಂದೂ ಶುರುವಾಯಿತು. ಬದಲಿಗೆ ಆಳು ನಿಲ್ಲದಿದ್ದರೂ ಬರೇ ಸೊನ್ನೆ ಒತ್ತಿ ಹೋಗುವುದು. ಸಂತೆಗೆ ಹೋಗುವವನು, ಮಗುವಿಗೆ ಜ್ವರ ಬಂದವನು ಒತ್ತಿ ಹೋಗುತ್ತಿದ್ದ. ಉಳಿದವರು ಅವನ ಭಾರ ಹಂಚಿಕೊಂಡು ಹೊರುತ್ತಿದ್ದರು. ಹೆಸರು ಕರೆದರೆ ಯಾರಾದರೂ "ಅದಾನ್ರಿ" ಅನ್ನುತ್ತಿದ್ದರು.

ಯಂಕೋಬನ ಮಗಳು ಪ್ರಿಯದರ್ಶಿನಿಯನ್ನು ಮಾನ್ವಿಗೆ ಕೊಟ್ಟಿತ್ತು. ಆ ವರ್ಷ ಅವಳು ಬಸುರಿ, ಕುಬಸದ ಶಾಸ್ತ್ರ ಇತ್ತು. ತವರಿನವರು ಹಸಿರು ಸೀರೆ, ಬಳೆ ತೆಗೆದುಕೊಂಡು ಹೋಗಬೇಕು, ಅಪ್ಪ ಇಲ್ಲದೆ ಆಗುವ ಕೆಲಸವಲ್ಲ. ಯಂಕೋಬ ಸೂಟಿ ಕೇಳಿದ. ಲಾರಿ ರಸ್ತೆಯವರೆಗೆ ನಿಂತಿವೆ, ಈಗ ಸೂಟಿ ಇಲ್ಲ ಎಂದ ಮ್ಯಾನೇಜರ.

"ನೀ ಹೋಗಿ ಬಾರಲೇ," ಅಂದ ಕನಕಪ್ಪ. "ನನ್ನ ವಾರದ ಸೂಟಿ ಅವತ್ತೇ ಅದ. ನಿನ್ನ ಹೆಸರಿಲೆ ನಾ ನಿಲ್ತೀನಿ."

"ನೀ ದೇವದುರ್ಗಕ್ಕ ಹೆಂಡ್ತಿ ನೋಡಾಕ ಹೋಗಬೇಕಂದಿದ್ದಿ?"

"ದುರುಗಮ್ಮ ಎಲ್ಲಿ ಓಡಿ ಹೋಗ್ತಾಳ? ಮುಂದಿನ ವಾರ ಹೋದ್ರಾತು. ಆದ್ರ ಒಂದು, ಬರಾಗ ಹೋಳಿಗಿ ತರಬೇಕು. ತುಪ್ಪ ಹಚ್ಚಿದ್ದು. ಒಣ ಹೋಳಿಗಿ ತಂದ್ರ ಮಷೀನಿನಾಕಿಗಿ ಹೇಳಿ ನಿನ್ನ ಹೆಸರು ಅಳಿಸಿಬಿಡ್ತೀನಿ."

ಕನಕಪ್ಪನಿಂದ ಅವನು ಕೇಳಿದ ಕಡೆಯ ಮಾತು ಅದು.

ಕುಬಸದ ದಿನ ಮಧ್ಯಾಹ್ನ ಮುತ್ತೈದೆಯರು ಪ್ರಿಯದರ್ಶಿನಿಯ ಉಡಿ ತುಂಬುತ್ತಿದ್ದಾಗ ಯಂಕೋಬನ ಫೋನು ಬಡಿಯಿತು. ಅದೇ ಗುಂಪಿನ ಹಮಾಲ ಸಿದ್ರಾಮ. ಹಿಂದೆ ಗದ್ದಲ.

"ಯಂಕೋಬಾ, ಮಿಲ್ಲಿಗಿ ಬೆಂಕಿ ಬಿದ್ದದಪಾ. ಹತ್ತಿ ಗೋದಾಮು ಪೂರಾ ಉರ್ಯಾಕತ್ತದ. ನೀ ಗಾಬರಿ ಆಗಬ್ಯಾಡ. ಎಲ್ಲಾರೂ ಹೊರಗ ಬಂದೀವಿ. ಮ್ಯಾನೇಜರ ಫೋನ್ ಹಿಡದು ಒಬ್ಬೊಬ್ಬರ ಹೆಸರು ಕರದ. ನಿಂದು ಬಂದಾಗ ನಾ ಅದಾನ್ರಿ ಅಂದೆ. ಮತ್ತ ನೀ ಸಿಕ್ಕಿಬೀಳ್ತಿ ಅಂತ."

"ಕನಕಪ್ಪ ಎಲ್ಲದಾನ?"

"ಕನಕಪ್ಪ? ಅವನ ಹೆಸರು ಬರಲಿಲ್ಲ. ಅವಂದು ಇವತ್ತು ಸೂಟಿ ಅಲ್ಲೇನು?"

ಒಳಗೆ ಹೆಂಗಸರು ಹಾಡುತ್ತಿದ್ದರು.

"ಯಂಕೋಬಾ, ಅವ ಬಂದಿದ್ನೇನು? ನೀ ಬರೇ ಸೊನ್ನಿ ಒತ್ತಿ ಹೋಗೀದಿ ಅಂತ ತಿಳದೀನಿ ನಾ. ಲೇ, ಮಾತಾಡಲೇ. ಅವ ನಿನ್ನ ಬದ್ಲಿ ಬಂದಿದ್ನೇನು?"

ಸಿದ್ರಾಮ ಅಂದು ಹೊರಗೆ ಲಾರಿಯ ಮೇಲೆ ಬೇಲು ಜೋಡಿಸುತ್ತಿದ್ದ. ಕನಕಪ್ಪ ಬೆಳಿಗ್ಗೆಯೇ ಗೋದಾಮಿನೊಳಗೆ ಹೋಗಿ ರಾಶಿಯ ಹಿಂದೆ ನಿಂತು ಹತ್ತಿ ದಬ್ಬುತ್ತಿದ್ದ. ಅವನನ್ನು ಕಂಡವರು ಇರಬಹುದು, ಕಂಡೂ ಆ ಗಾಬರಿಯಲ್ಲಿ ನೆನಪಾಗದೆ ಇರಬಹುದು. ಬೆಂಕಿ ಆರಿಸುವವರು ಬಂದು ಒಳಗೆ ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದರು. ಮ್ಯಾನೇಜರ ಫೋನು ತೋರಿಸಿ, ಎಲ್ಲರ ಲೆಕ್ಕ ಸಿಕ್ಕಿದೆ ಎಂದಿದ್ದ. ಅವರು ಹೊರಗಿನಿಂದಲೇ ನೀರು ಹೊಡೆದರು. ಸಿದ್ರಾಮ ಓಡಿ ಹೋಗಿ ಕನಕಪ್ಪ ಒಳಗಿದ್ದಾನೆ ಎಂದು ಕೂಗಿಕೊಂಡಾಗ ಗೋದಾಮಿನ ತಗಡಿನ ಮಾಡು ಕುಸಿದಿತ್ತು.

ಯಂಕೋಬ ಹೊರಟು ನಿಂತ. ಏನಾಯಿತು ಎಂದು ಕೇಳಿದ ಹೆಂಡತಿಗೆ "ಮಿಲ್ಲಿನ್ಯಾಗ ಕೆಲಸ ಬಿದ್ದದ" ಎಂದಷ್ಟೇ ಹೇಳಿದ. ಬೀಗಿತ್ತಿ ಊಟ ಮಾಡಿ ಹೋಗಿರೆಂದು ಹಟ ಹಿಡಿದಳು. ಅವನು ಗೆಳೆಯನಿಗೆ ಹೋಳಿಗೆ ಕಟ್ಟಿಕೊಡಿ ಎಂದ. ಯಾಕೆ ಹಾಗೆ ಕೇಳಿದ ಎಂದು ಅವನಿಗೆ ಇಂದಿಗೂ ಗೊತ್ತಿಲ್ಲ. "ತುಪ್ಪ ಹಚ್ಚಿ ಕೊಡ್ರಿ," ಎಂದೂ ಹೇಳಿದ.

ಬಸ್ಸು ಕಲ್ಲೂರು ದಾಟಿತು. ಗಂಟು ತೊಡೆಯ ಮೇಲಿತ್ತು. ಹತ್ತಿ ತುಂಬಿದ ಟ್ರ್ಯಾಕ್ಟರುಗಳು ಎದುರಿಗೆ ಬರುತ್ತಿದ್ದವು. ಅಳು ಬರಬಹುದು ಎಂದು ಅವನು ಕಾದ. ಬರಲಿಲ್ಲ. ಕಿವಿಗೆ ಅರಳೆ ತುರುಕಿದ ಹಾಗೆ ಎಲ್ಲ ದೂರದಲ್ಲಿ ಕೇಳಿಸುತ್ತಿತ್ತು. ಕಂಡಕ್ಟರ ಟಿಕೆಟ್ಟಿಗಾಗಿ ಮತ್ತೆ ಮತ್ತೆ ಕೇಳಬೇಕಾಯಿತು. ಅಂದು ಮೈಗೆ ಹಿಡಿದದ್ದು ಆಮೇಲೆ ಪೂರ್ತಿ ಬಿಡಲೇ ಇಲ್ಲ.

ಸಂಜೆ ಮುಗಿಯುವ ಮೊದಲು ಕನಕಪ್ಪ ಸಿಕ್ಕ. ಸಿಕ್ಕಾಗ ಯಂಕೋಬ ಕಂಪೌಂಡಿನಲ್ಲೇ ಇದ್ದ. ಹೆಣವನ್ನು ಗುರುತಿಸುವಂತೆ ಅವನಿಗೆ ಹೇಳಿದರು. ಸೊಂಟದ ಬೆಳ್ಳಿಯ ಉಡದಾರ ನೋಡಿ ಹೂಂ ಎಂದ. ಹೋಳಿಗೆಯ ಗಂಟನ್ನು ಎಲ್ಲಿ ಇಡಬೇಕೆಂದು ತಿಳಿಯದೆ, ಬೀಳದೆ ಉಳಿದ ಗೋಡೆಯ ಮೇಲೆ ಬಿಚ್ಚಿಟ್ಟ.

ಕೆಲವು ದಿನಗಳಲ್ಲೇ ಮಿಲ್ಲಿನ ಮಾತು ಊರಿನ ಮಾತಾಯಿತು. ಕನಕಪ್ಪನಿಗೆ ಅಂದು ಕೆಲಸವಿರಲಿಲ್ಲ. ಕದ್ದು ಗೋದಾಮಿನೊಳಗೆ ಹೋಗಿ ಹತ್ತಿಯ ಮೇಲೆ ಮಲಗಿದ್ದ. ಬೀಡಿ ಹಚ್ಚಿದ. ಮಿಲ್ಲು ಸುಟ್ಟ. ಹಾಜರಿಯಲ್ಲಿ ಅವನ ಹೆಸರು ಎಲ್ಲಿದೆ ತೋರಿಸಿ.

ಮ್ಯಾನೇಜರ ಯಂಕೋಬನನ್ನು ಆಫೀಸಿಗೆ ಕರೆದು ಕುರ್ಚಿ ಕೊಟ್ಟ. ಅಷ್ಟು ವರ್ಷಗಳಲ್ಲಿ ಅವನು ಆ ಕುರ್ಚಿಯ ಮೇಲೆ ಕೂತಿರಲಿಲ್ಲ.

"ನೋಡಪಾ ಯಂಕೋಬ. ಮಿಶನ್ನಿನ್ಯಾಗ ಅವತ್ತು ನೀ ಇದ್ದಿ. ಹೆಸರು ಕರದಾಗೂ ಇದ್ದಿ. ನೀ ಇದ್ದಿ ಅಂದಮ್ಯಾಲ ನಿನ್ನ ಬದ್ಲಿ ಮತ್ತೊಬ್ಬ ಹೆಂಗ ಬರ್ತಾನ? ಇಲ್ಲ, ನಾ ಇದ್ದಿದ್ದಿಲ್ಲ ಅಂತಿ ಅಂದ್ರ, ಇಷ್ಟು ದಿವಸ ಸುಳ್ಳು ಹಾಜರಿ ಹಾಕೀವಿ ಅಂತ ಪೂರಾ ಗುಂಪೇ ಒಪ್ಪಿಕೊಂಡಂಗಾತು. ಅವರ ಹೊಟ್ಟಿ ಮ್ಯಾಲೂ ಕಲ್ಲು. ವಿಚಾರ ಮಾಡು. ಚಹಾ ಕುಡೀತೀಯೇನು?"

ಯಂಕೋಬ ಚಹಾ ಕುಡಿದ. ಹೊರಗೆ ಬಂದ. ಉಳಿದ ಗೋದಾಮಿನಲ್ಲಿ ಕೆಲಸ ನಡೆದಿತ್ತು, ಅಲ್ಲಿ ಚೀಲ ಹೊತ್ತ. ಬೆಳಿಗ್ಗೆ ಮಷೀನಿಗೆ ಬೆರಳು ಒತ್ತಿದ, ಅದು "ಪ್ಲೀಸ್ ಟ್ರೈ ಅಗೇನ್" ಅಂದಿತು, ನಾಲ್ಕು ಸೊನ್ನೆ ಒತ್ತಿ ಒಳಗೆ ಹೋದ. ಅಷ್ಟಾದ ಮೇಲೂ ನಂಬರು ಅದೇ ಇತ್ತು.

ಕನಕಪ್ಪನ ದಿನಕರ್ಮದ ಹೊತ್ತಿಗೆ ಅವನು ದೇವದುರ್ಗಕ್ಕೆ ಹೋಗಿರಲಿಲ್ಲ. ಆಮೇಲೊಂದು ದಿನ ಹೋದ. ಊರ ಹೊರಗಿನ ಓಣಿ, ಮನೆಯ ಮುಂದೆ ಕುರಿಯ ಹಟ್ಟಿ. ದುರುಗಮ್ಮ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಅವನನ್ನು ನೋಡಿ ಕಂಬಳಿ ಹಾಸಿದಳು, ನೀರು ತಂದಿಟ್ಟಳು. ತಾನು ಹೊಸ್ತಿಲ ಪಕ್ಕ ಕೂತಳು.

"ಸಣ್ಣವ ಸಾಲಿಗಿ ಹೋಗಾಕ ಒಲ್ಲ ಅಂತಾನ ಯಣ್ಣಾ. ಮಿಲ್ಲು ಸುಟ್ಟಾಂವನ ಮಗ ಅಂತ ಕರೀತಾರಂತ ಹುಡುಗರು."

ಅವನು ನೀರು ಕುಡಿದ.

"ಬೀಡಿ ಅಂತಾರ. ಅವ ಅಡಕಿ ಎಲಿ ಬಿಟ್ಟು ಬ್ಯಾರೆ ಮುಟ್ಟಿದಾಂವಲ್ಲ. ನಿನಗ ಗೊತ್ತದಲ್ಲ."

"ಗೊತ್ತದ."

"ಅವತ್ತು ಊರಿಗಿ ಬರ್ತೀನಂದಿದ್ದ. ಯಾಕ ಬರಲಿಲ್ಲೋ, ಯಾಕ ಒಳಗ ಹ್ವಾದ್ನೋ. ಯಣ್ಣಾ, ನೀ ಅಲ್ಲೇ ಇದ್ದಿ ಅಂತಲ್ಲ. ಮಿಶನ್ನಿನ್ಯಾಗ ಅದ ಅಂತ ಹೇಳ್ತಾರ. ನೀ ನೋಡಲಿಲ್ಲೇನು ಅವನ್ನ? ಕಡೀಕ ಏನರ ಅಂದ್ನೇನು?"

ಇದನ್ನು ಅವನು ನಿರೀಕ್ಷಿಸಿರಲಿಲ್ಲ. ಅವನು ಅಂದು ಅಲ್ಲಿದ್ದ ಎಂಬ ಮಿಲ್ಲಿನವರ ಮಾತನ್ನು ಇವಳೂ ನಂಬಿದ್ದಳು. ಮಷೀನು ಅವನನ್ನು ಅಲ್ಲಿ ನಿಲ್ಲಿಸಿತ್ತು. ಗೆಳೆಯ ಉರಿಯುವಾಗ ಅಂಗಳದಲ್ಲಿ ನಿಂತು ನೋಡಿದವನನ್ನಾಗಿ ಮಾಡಿತ್ತು. ಈ ಹೆಂಗಸಿನ ಮಟ್ಟಿಗೆ ಅವನು ಇನ್ನೂ ಅಲ್ಲೇ ನಿಂತಿದ್ದ.

"ನಾ ಇದ್ದಿದ್ದಿಲ್ಲ ತಂಗೆವ್ವಾ," ಅಂದ. "ಅವತ್ತು ಮಗಳ ಕುಬಸ. ನಾ ಮಾನ್ವಿಯಾಗ ಇದ್ದೆ. ನನ್ನ ಹೆಸರಿಲೆ ಅವ ಹೋಗಿದ್ದ."

ದುರುಗಮ್ಮ ಅವನನ್ನು ನೋಡಿದಳು. ಬಯ್ಯುತ್ತಾಳೆ ಎಂದು ಅವನು ಕಾದ; ಬಯ್ದರೆ ಒಳ್ಳೆಯದಿತ್ತು. ಅವಳು ಎದ್ದು, ಕಟ್ಟು ಬಿಚ್ಚಿಕೊಂಡಿದ್ದ ಒಂದು ಮರಿಯನ್ನು ಹಿಡಿದು ಮತ್ತೆ ಕಟ್ಟಿದಳು.

"ನನ್ನ ಮುಂದ ಹೇಳಿದಂಗ ವಿಚಾರಣಿ ಮಾಡಾಕ ಬಂದವರ ಮುಂದೂ ಹೇಳ್ತಿಯೇನು?"

"ಹೇಳ್ತೀನಿ."

"ಹಂಗಾದ್ರ ಹೇಳು. ಅವ ಕೆಲಸಕ್ಕ ಹೋಗಿದ್ದ ಅಂತ ಬರೀಲಿ. ನನಗ ಅಷ್ಟು ಸಾಕು."

ವಿಚಾರಣೆಗೆ ಕಾರ್ಮಿಕ ಇಲಾಖೆಯ ಅಧಿಕಾರಿ ಸಂಘಮಿತ್ರಾ ಮಿಲ್ಲಿಗೇ ಬಂದರು. ಗಟ್ಟಿ ಮಾತಿನ, ಅವಸರವಿಲ್ಲದ ಹೆಂಗಸು. ಆಫೀಸಿನ ಮುಂದೆ ಮೇಜು ಹಾಕಿದ್ದರು. ದುರುಗಮ್ಮ ಒಂದು ಪಕ್ಕ ನೆಲದ ಮೇಲೆ ಕೂತಿದ್ದಳು. ಮ್ಯಾನೇಜರ ಹಾಜರಿಯ ಅಚ್ಚು ಹಾಳೆ ಮುಂದಿಟ್ಟ.

ಯಂಕೋಬ ಎದ್ದು, ದೇವದುರ್ಗದಲ್ಲಿ ಹೇಳಿದ್ದನ್ನೇ ಹೇಳಿದ. ಒಂದು ಮಾತೂ ಕಡಿಮೆಯಲ್ಲ, ಒಂದೂ ಹೆಚ್ಚಲ್ಲ.

"ಬೇಕಾದಾಗ ಇದ್ದೆ ಅಂತಾನ, ಬ್ಯಾಡಾದಾಗ ಇಲ್ಲ ಅಂತಾನ," ಅಂದ ಮ್ಯಾನೇಜರ. "ಮೇಡಂ, ಮಿಶನ್ನು ಸುಳ್ಳು ಹೇಳ್ತದೇನ್ರಿ?"

ಸಂಘಮಿತ್ರಾ ಯಂಕೋಬನ ಕಡೆ ತಿರುಗಿದರು. "ನಿಮ್ಮ ಹಾಜರಿ ಅವತ್ತು ಬಿದ್ದದ. ಯಾರು ಹಾಕಿದ್ರು?"

"ಕನಕಪ್ಪ ಹಾಕಿರಬೇಕ್ರಿ. ಸೊನ್ನಿ ಒತ್ತಿ."

"ಏನ್ ಸೊನ್ನಿ?"

ಹಮಾಲರು ನೆಲ ನೋಡಿದರು. ಹಿಂದಿನ ಸಾಲಿನಿಂದ ಸಿದ್ರಾಮ ಎದ್ದ. "ನಾಕು ಸೊನ್ನಿರಿ ಮೇಡಂ. ಮಿಶನ್ನು ಬಂದಾಗಿಂದ ಅದೇ ನಂಬರ್. ನಮ್ಮ ಬೆರಳು ಹತ್ತಂಗಿಲ್ರಿ. ಮತ್ತ ಅವತ್ತು... ಯಂಕೋಬನ ಹೆಸರು ಕರದಾಗ ಅದಾನ್ರಿ ಅಂದಾಂವ ನಾನು. ಅವ ಇದ್ದಿದ್ದಿಲ್ಲ. ನಾ ಹಂಗ ಅನ್ನದಿದ್ರ ಹುಡುಕ್ತಿದ್ರು." ಹೇಳಿ ಮುಗಿಸಿದ ಮೇಲೂ ನಿಂತೇ ಇದ್ದ. ಕೂತುಕೋ ಎಂದು ಯಾರಾದರೂ ಹೇಳಬೇಕಾಗಿತ್ತು. ಯಂಕೋಬ ಅವನ ತೋಳು ಹಿಡಿದು ಕೂರಿಸಿದ.

"ಈ ನಂಬರ್ ಇಲ್ಲಿ ಯಾರ್ಯಾರಿಗೆ ಗೊತ್ತದ?" ಎಂದು ಸಂಘಮಿತ್ರಾ ಕೇಳಿದರು.

ಯಾರೂ ಕೈ ಎತ್ತಲಿಲ್ಲ. ಆಗ ಚಹಾ ತಂದಿದ್ದ ಶಹಜಾದಿ ಬೇಗಂ ಕಿಟ್ಲಿ ಕೆಳಗಿಟ್ಟಳು. ಗೇಟಿನ ಹೊರಗೆ ಅವಳ ಚಹಾದ ಬಂಡಿ.

"ನಾಕು ಸೊನ್ನಿ ಅಲ್ರೀ ಮೇಡಂ? ನನಗೂ ಗೊತ್ತದ. ಕೈಗಿ ಎಣ್ಣಿ ಹತ್ತಿದಾಂವ ಬಂದ್ರ 'ಚಾಚಿ, ಜರಾ ಒತ್ತು' ಅಂತಾನ. ಒತ್ತೀನಿ. ಇವರೆಲ್ಲ ಸುಮ್ಮ ಕುಂತಾರ, ಕಳ್ಳರಂಗ. ಎತ್ತರೋ ಕೈ!"

ಒಬ್ಬ ನಕ್ಕ. ಆಮೇಲೆ ಕೈಗಳು ಒಂದೊಂದಾಗಿ ಎದ್ದವು. ಹಮಾಲರದ್ದು, ಹತ್ತಿ ಆರಿಸುವ ಹೆಂಗಸರದ್ದು, ಗೇಟಿನವನದ್ದು, ಲಾರಿ ಡ್ರೈವರನೊಬ್ಬನದ್ದೂ. ನಕ್ಕವನೂ ಎತ್ತಿದ. ನಗು ನಿಂತಿತು.

ಅನಿಲಕುಮಾರನನ್ನು ಕರೆಸಿದ್ದರು. ಅವನು ನಾಲ್ಕು ಸೊನ್ನೆ ಒತ್ತಿ ಮಷೀನಿನೊಳಗೆ ಹೋಗಿ, ಸ್ವಲ್ಪ ಹೊತ್ತು ನೋಡಿ, ಮುಖ ಒರೆಸಿಕೊಂಡ.

"ಕೈಲೆ ಹಾಕಿದ ಹಾಜರಿ ಎಲ್ಲಾ ಅಡ್ಮಿನ್ ಅನ್ನೋ ಒಂದೇ ಹೆಸರಿನ್ಯಾಗ ಅದಾವ ಮೇಡಂ. ನಂಬರ್ ಒತ್ತಿದಾಂವ ಯಾರರ ಇರ್ಲಿ, ಮಿಶನ್ನಿಗಿ ಅವ ಅಡ್ಮಿನ್. ಮ್ಯಾನೇಜರ್ ಸರ್ ಒತ್ತಿದ್ರೂ ಅಷ್ಟ, ಈ ಚಾಚಿ ಒತ್ತಿದ್ರೂ ಅಷ್ಟ." ಮತ್ತೆ ಪರದೆ ನೋಡಿದ. "ಇನ್ನೊಂದು ಅದ್ರಿ. ಕನಕಪ್ಪನ ಹೆಸರೇ ಇದರಾಗ ಇಲ್ಲ. ನಾನೇ ಅವತ್ತು ಸೇರಿಸಿದ್ದೆ, ಯಂಕೋಬನ ಕೆಳಗ. ಈಗ ಯಂಕೋಬ ಆದ ಮ್ಯಾಲ ಒಂದು ನಂಬರ್ ಬಿಟ್ಟು ಮುಂದಿನವ ಬರ್ತಾನ. ಬೆಂಕಿ ಬಿದ್ದ ಮ್ಯಾಲ ತಗದಾರ."

"ಯಾರು ತಗದಾರ?"

"ಅಡ್ಮಿನ್, ಮೇಡಂ."

ಮ್ಯಾನೇಜರ ತನಗೇನೂ ಗೊತ್ತಿಲ್ಲ ಎಂದ. ನಿಜ ಇರಬಹುದು, ಸುಳ್ಳು ಇರಬಹುದು; ತಿಳಿಯಲು ದಾರಿ ಇರಲಿಲ್ಲ. ಆ ದಾರಿಯನ್ನು ನಾಲ್ಕು ಸೊನ್ನೆಗಳು ಎಂದೋ ಮುಚ್ಚಿದ್ದವು.

"ಇಂಥವು ಸಾವಿರಾರು ಮಿಶನ್ನು ಬರ್ತಾವ, ಎಲ್ಲಾದಕ್ಕೂ ಇದೇ ನಂಬರ್," ಅಂದ ಅನಿಲಕುಮಾರ. "ಪ್ಯಾಟಿಯಾಗಿನ ಎಲ್ಲಾ ಬೀಗಕ್ಕೂ ಒಂದೇ ಕೈ ಇದ್ದಂಗ. ಮೊದಲ್ನೇ ದಿನ ಬದಲಿ ಮಾಡ್ರಿ ಅಂತ ಹೇಳಿದ್ದೆ. ಪೂಜಿ ಆಗ್ಲಿ ಅಂದ್ರು."

ಸಂಘಮಿತ್ರಾ ಹಾಜರಿಯ ಹಾಳೆಯನ್ನು ಮಗುಚಿ ಪಕ್ಕಕ್ಕೆ ಸರಿಸಿದರು. "ಈ ಮಿಶನ್ನು ಯಾರ ಪರವಾಗೂ ಸಾಕ್ಷಿ ಹೇಳಂಗಿಲ್ಲ. ಯಂಕೋಬ, ನೀವು ಇನ್ನೊಂದ್ಸಲ ಹೇಳ್ರಿ. ಮನುಷ್ಯಾರು ಹೇಳಿದ್ದು ಬರಕೋತೀನಿ."

ಅವನು ಹೇಳಿದ. ಸಿದ್ರಾಮ ಹೇಳಿದ. ಬೆಳಿಗ್ಗೆ ಗೇಟಿನಲ್ಲಿ ಕನಕಪ್ಪ ಚಹಾ ಕುಡಿದು, "ಇವತ್ತು ನಾ ಯಂಕೋಬ ಚಾಚಿ, ಅವನ ಖಾತಿಗಿ ಬರಕೋ" ಎಂದು ಹೋಗಿದ್ದನ್ನು ಶಹಜಾದಿ ಬೇಗಂ ಹೇಳಿದಳು. ಬೆಂಕಿ ಹೇಗೆ ಹತ್ತಿತು ಎಂಬುದು ಗೊತ್ತಾಗಲಿಲ್ಲ. ಹತ್ತಿಯೊಳಗೆ ಬಂದ ಒಂದು ಕಲ್ಲು ಯಂತ್ರಕ್ಕೆ ತಾಗಿದರೂ ಕಿಡಿ ಹಾರುತ್ತದೆ. ಬೀಡಿ ಎನ್ನುವುದಕ್ಕೆ ಆಧಾರವಿಲ್ಲ, ಕನಕಪ್ಪ ಅಂದು ಕೆಲಸದ ಮೇಲೆ ಇದ್ದ ಎಂದು ಸಂಘಮಿತ್ರಾ ಬರೆದರು. ಬರೆದದ್ದನ್ನು ದುರುಗಮ್ಮನಿಗೆ ಕೇಳುವಂತೆ ಗಟ್ಟಿಯಾಗಿ ಓದಿದರು.

ಕಡೆಗೆ ಯಂಕೋಬ ಹೆಬ್ಬೆಟ್ಟು ಒತ್ತಿದ. ಹಾಳೆಯ ಮೇಲೆ ನೀಲಿಯ ಒಂದು ದುಂಡು ಕಲೆ ಬಿತ್ತು, ಒಳಗೆ ಒಂದೂ ಗೆರೆ ಇರಲಿಲ್ಲ. ಸಂಘಮಿತ್ರಾ ಅದನ್ನು ನೋಡಿ, ಅವನ ಕೈ ನೋಡಿ, ಪೆನ್ನು ಕೊಟ್ಟರು. ಅವನು ಕಲೆಯ ಕೆಳಗೆ ನಿಧಾನವಾಗಿ ತನ್ನ ಹೆಸರು ಬರೆದ.

ಗೇಟಿನ ಹೊರಗೆ ದುರುಗಮ್ಮ ನಿಂತಿದ್ದಳು. ಅವಳೂ ಅಳುತ್ತಿರಲಿಲ್ಲ.

"ಕುಬಸದಾಗ ಏನ್ ಅಡಿಗಿ ಮಾಡಿದ್ರಿ ಯಣ್ಣಾ?"

"ಹೋಳಿಗಿ. ಅವ ತರಾಕ ಹೇಳಿದ್ದ. ತಂದಿದ್ದೆ."

"ತುಪ್ಪ ಹಚ್ಚಿದ್ದೇನು?"

"ಹೂಂ."

"ಏನ್ ಮಾಡಿದಿ ಅದನ್ನ?"

"ಗ್ವಾಡಿ ಮ್ಯಾಲ ಇಟ್ಟಿದ್ದೆ. ಮುಂಜಾನಿ ಕಾಗಿ ತಿಂದಿದ್ವು."

ದುರುಗಮ್ಮ ಸೆರಗು ಸರಿಮಾಡಿಕೊಂಡಳು. "ದಿನಕರ್ಮದಾಗ ನಾವಿಟ್ಟ ಎಡಿಗಿ ಕಾಗಿ ಬರಲೇ ಇಲ್ಲ," ಅಂದಳು. "ಹಂಗಾದ್ರ ಮುಟ್ಟ್ಯದ ಬಿಡು ಅವಗ." ಬಸ್ಸು ಬಂತು. ಹತ್ತಿ ಹೋದಳು.

ಆ ಗುಂಪಿಗೆ ಮಿಲ್ಲಿನಲ್ಲಿ ಮತ್ತೆ ಕೆಲಸ ಸಿಗಲಿಲ್ಲ. ಮ್ಯಾನೇಜರ ಹೇಳಿದ್ದು ಅಷ್ಟು ನಿಜವಾಯಿತು. ಬೈದವರೂ ಇದ್ದರು, ಜೊತೆಗೆ ಬಂದವರೂ ಇದ್ದರು. ಸಿದ್ರಾಮ ಎಲ್ಲಿಗೋ ಹೋದ. ಯಂಕೋಬ ಮಗಳ ಊರಾದ ಮಾನ್ವಿಗೆ ಬಂದು ಅಕ್ಕಿ ಗಿರಣಿ ಸೇರಿದ. ಮೊದಲ ದಿನವೇ ಅವನ ಬೆರಳು ಹತ್ತದಿದ್ದಾಗ ಗುಮಾಸ್ತ ಒಳಗಿನಿಂದ ಕೂಗಿದ:

"ಒಂದು, ಎರಡು, ಮೂರು, ನಾಕು ಒತ್ತಪಾ. ಎಲ್ಲಾರೂ ಹಂ‍ಗೇ ಮಾಡ್ತಾರ."

ಯಂಕೋಬ ಒತ್ತಲಿಲ್ಲ. "ಆ ನಂಬರ್ ಬದಲಿ ಮಾಡ್ರಿ," ಅಂದ.

"ಮಾಡೋಣಂತ. ನೀ ಮೊದ್ಲ ಚೀಲ ಎತ್ತು."

ಅವನು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಕೂತ. ಮಧ್ಯಾಹ್ನದವರೆಗೂ ಏಳಲಿಲ್ಲ. ಮರುದಿನವೂ ಬಂದು ಅಲ್ಲೇ ಕೂತ. ಗುಮಾಸ್ತನಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು, ಆಮೇಲೆ ಯಾರಿಂದಲೋ ರಾಯಚೂರಿನ ಸುದ್ದಿ ತಿಳಿಯಿತು. ಅಂದೇ ನಂಬರು ಬದಲಾಯಿಸಿದ. "ನಮ್ಮ ಸಾಹುಕಾರಗ ಒಬ್ಬಗ ಬಿಟ್ಟು ಯಾರಿಗೂ ಹೇಳಿಲ್ಲ. ಆತಿಲ್ಲೋ ಜಾಗೀರದಾರಾ?" ಎಂದ. ಆದರೂ ಯಂಕೋಬ ಮುಖ ನೋಡಿ ಹೆಸರು ಕೂಗದೆ ಒಳಗೆ ಹೋಗುವುದಿಲ್ಲ.

ಮೊನ್ನೆ ಲೋಡು ಹೊರಡುವ ಮುಂಚೆ ಗುಮಾಸ್ತ ಹೆಸರು ಕರೆಯುತ್ತಿದ್ದ.

"ಮುನ್ನಾ."

"ಅದಾನ್ರಿ," ಅಂದ ಒಬ್ಬ.

ಯಂಕೋಬ ಹೆಗಲ ಮೇಲಿನ ಚೀಲವನ್ನು ಕೆಳಗಿಳಿಸಿದ. "ಎಲ್ಲದಾನ?"

"ಇಲ್ಲೇ ಎಲ್ಲೋ ಅದಾನಪಾ ಯಂಕೋಬಣ್ಣಾ."

"ತೋರ್ಸು."

"ಏ, ಸಂಡಾಸಿಗಿ ಹೋಗ್ಯಾನ ಮಾರಾಯಾ! ಅಲ್ಲಿಗೂ ಹೋಗಿ ನೋಡಿ ಬರ್ಲೇನು?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಯಂಕೋಬ ಚೀಲದ ಪಕ್ಕದಲ್ಲೇ ನಿಂತ. ಲಾರಿಯವನು ಹಾರನ್ ಹೊಡೆದ. ಗುಮಾಸ್ತ ನಗು ನಿಲ್ಲಿಸಿ ತಾನೂ ಸಂಡಾಸಿನ ಕಡೆ ನೋಡತೊಡಗಿದ. ಸ್ವಲ್ಪ ಹೊತ್ತಿಗೆ ಮುನ್ನಾ ಪ್ಯಾಂಟು ಏರಿಸಿಕೊಳ್ಳುತ್ತ ಬಂದ. ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡು ನಾಚಿಕೊಂಡ.

ಯಂಕೋಬ ಅವನ ಮುಖವನ್ನು ಸರಿಯಾಗಿ ನೋಡಿದ. ಆಮೇಲೆ ಬಗ್ಗಿ ಚೀಲ ಎತ್ತಿ ಹೆಗಲ ಮೇಲೆ ಅಡ್ಡ ಹಾಕಿಕೊಂಡು, ಮರಿಯನ್ನು ಹೊತ್ತ ಹಾಗೆ, ಲಾರಿಯ ಕಡೆ ನಡೆದ.